ನರಗಳ ಅಲ್ಟ್ರಾಸೌಂಡ್ ಮತ್ತು ದೇಹಭಂಗಿ

ನರಗಳ ಅಲ್ಟ್ರಾಸೌಂಡ್ ಎಂಬುದು ಮನುಷ್ಯನ ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿತರಂಗಗಳ ನೆರವಿನಿಂದ ಕೈ, ಕಾಲು, ಕತ್ತು ಮೊದಲಾದ ಭಾಗಗಳಲ್ಲಿ ಹಾದುಹೋಗುವ ನರಗಳ ಚಿತ್ರವನ್ನು ಪಡೆಯುವ ಒಂದು ಪರೀಕ್ಷಾ ವಿಧಾನ. ಈ ವಿಧಾನದಲ್ಲಿ ಚಿತ್ರವು ಆ ಕ್ಷಣದಲ್ಲಿಯೇ ಪರದೆಯ ಮೇಲೆ ಮೂಡುವುದರಿಂದ ರೋಗಿಯು ಕೈಯನ್ನು ಮಡಿಸಿದಾಗ, ಕಾಲನ್ನು ನೀಡಿದಾಗ ಅಥವಾ ಕತ್ತನ್ನು ಬಾಗಿಸಿದಾಗ ಒಳಗಿನ ನರವು ಹೇಗೆ ಜಾರುತ್ತದೆ, ಹೇಗೆ ಚಪ್ಪಟೆಯಾಗುತ್ತದೆ, ಎಷ್ಟು ಬಿಗಿಯಾಗುತ್ತದೆ ಎಂಬುದನ್ನು ನೇರವಾಗಿ ನೋಡಲು ಸಾಧ್ಯ. ದೇಹಭಂಗಿಗೂ ನರಗಳ ಸ್ಥಿತಿಗೂ ಇರುವ ಸಂಬಂಧವನ್ನು ಜೀವಂತ ಮನುಷ್ಯರಲ್ಲಿ, ಚರ್ಮಕ್ಕೆ ಗಾಯಮಾಡದೆ ಅಧ್ಯಯನ ಮಾಡಲು ಇದು ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಸಾಧನ.

ಬಹುಹೊತ್ತು ಚಕ್ಕಳಮಕ್ಕಳ ಹಾಕಿ ಕುಳಿತಾಗ ಕಾಲಿಗೆ ಜೋಮು ಹಿಡಿಯುವುದು, ಮೊಣಕೈ ಮಡಿಸಿ ಮಲಗಿದಾಗ ಕಿರುಬೆರಳು ಮರಗಟ್ಟುವುದು ಎಲ್ಲರ ಅನುಭವ. ಇವು ಸಾಮಾನ್ಯವಾಗಿ ಭಂಗಿಯನ್ನು ಬದಲಿಸಿದೊಡನೆ ಮಾಯವಾಗುತ್ತವೆ. ಆದರೆ ಅದೇ ಒತ್ತಡ ಅಥವಾ ಎಳೆತವು ತಿಂಗಳುಗಟ್ಟಲೆ ಮರುಕಳಿಸಿದರೆ ನರಕ್ಕೆ ಶಾಶ್ವತ ಹಾನಿಯಾಗಬಹುದು. ಬೆರಳುಗಳ ಸ್ಪರ್ಶಜ್ಞಾನ ಕುಂದಬಹುದು, ಅಂಗೈಯ ಸ್ನಾಯುಗಳು ಕ್ಷೀಣಿಸಬಹುದು. ಆದುದರಿಂದ ಯಾವ ಭಂಗಿಯಲ್ಲಿ ಯಾವ ನರಕ್ಕೆ ಏನಾಗುತ್ತದೆ ಎಂಬ ತಿಳಿವಳಿಕೆಗೆ ವೈದ್ಯಕೀಯದಲ್ಲಿ ಮಹತ್ವವಿದೆ.

ನರದ ರಚನೆ ಮತ್ತು ಚಲನೆ

ಬೆನ್ನುಹುರಿಯಿಂದ ಹೊರಟು ಕೈಕಾಲುಗಳ ತುದಿಯವರೆಗೆ ಹರಡುವ ನರಗಳನ್ನು ಪರಿಧಿ ನರಗಳು ಎನ್ನುತ್ತಾರೆ. ಒಂದು ಪರಿಧಿ ನರದಲ್ಲಿ ಸಾವಿರಾರು ನರತಂತುಗಳಿರುತ್ತವೆ. ಅವು ಸಣ್ಣ ಸಣ್ಣ ಕಂತೆಗಳಾಗಿ ಜೋಡಣೆಗೊಂಡಿರುತ್ತವೆ. ಪ್ರತಿ ಕಂತೆಯ ಸುತ್ತಲೂ ಪೆರಿನ್ಯೂರಿಯಂ ಎಂಬ ಪೊರೆಯಿದ್ದು, ಎಲ್ಲ ಕಂತೆಗಳನ್ನೂ ಒಟ್ಟಾಗಿ ಹಿಡಿದಿರುವ ಹೊರ ಹೊದಿಕೆಗೆ ಎಪಿನ್ಯೂರಿಯಂ ಎಂದು ಹೆಸರು. ನರಕ್ಕೆ ಆಹಾರ ಮತ್ತು ಆಮ್ಲಜನಕವನ್ನು ಒದಗಿಸುವ ಸೂಕ್ಷ್ಮ ರಕ್ತನಾಳಗಳು ಈ ಹೊದಿಕೆಗಳ ನಡುವೆಯೇ ಹರಿಯುತ್ತವೆ.

ನರವು ಗೋಡೆಗೆ ಮೊಳೆ ಹೊಡೆದು ಕೂರಿಸಿದ ವಿದ್ಯುತ್ ತಂತಿಯಂತೆ ಒಂದೇ ಕಡೆ ನಿಂತಿರುವುದಿಲ್ಲ. ಅದು ಸ್ನಾಯುಗಳ ನಡುವೆ, ಮೂಳೆಗಳ ಪಕ್ಕದಲ್ಲಿ, ಕೆಲವೆಡೆ ಇಕ್ಕಟ್ಟಾದ ಸುರಂಗಗಳಲ್ಲಿ ನೇಫದೊಳಗಿನ ಲಾಡಿಯಂತೆ ಹಿಂದೆ ಮುಂದೆ ಜಾರುತ್ತಿರುತ್ತದೆ. ಕೀಲು ಬಾಗಿದಾಗ ನರವು ಹಾದುಹೋಗುವ ದಾರಿಯ ಉದ್ದವೇ ಬದಲಾಗುತ್ತದೆ. ಕೀಲಿನ ಹೊರಬಾಗಿನಲ್ಲಿ ಸಾಗುವ ನರದ ದಾರಿ ಉದ್ದವಾದರೆ, ಒಳಬಾಗಿನಲ್ಲಿ ಸಾಗುವ ನರದ ದಾರಿ ಗಿಡ್ಡವಾಗುತ್ತದೆ. ಈ ವ್ಯತ್ಯಾಸವನ್ನು ನರವು ಮೂರು ಬಗೆಯಲ್ಲಿ ನಿಭಾಯಿಸುತ್ತದೆ.

ಮೊದಲನೆಯದಾಗಿ, ವಿರಾಮ ಸ್ಥಿತಿಯಲ್ಲಿ ನರವು ತುಸು ಸಡಿಲವಾಗಿ, ಅಲೆಯಲೆಯಾಗಿ ಬಿದ್ದಿರುತ್ತದೆ. ದಾರಿ ಉದ್ದವಾದಾಗ ಈ ಸಡಿಲು ಬಿಚ್ಚಿಕೊಳ್ಳುತ್ತದೆ. ಎರಡನೆಯದಾಗಿ, ಚಲಿಸುತ್ತಿರುವ ಕೀಲಿನ ಕಡೆಗೆ ನರವು ಎರಡೂ ಬದಿಯಿಂದ ಜಾರಿಬರುತ್ತದೆ. ಮೂರನೆಯದಾಗಿ, ಇವೆರಡೂ ಸಾಲದಾದಾಗ ನರವೇ ಹಿಗ್ಗಿ ಬಿಗಿಯಾಗುತ್ತದೆ. ಹಿಗ್ಗುವಿಕೆಗೆ ಮಿತಿಯಿದೆ. ಲುಂಡ್‌ಬೋರ್ಗ್ ಮತ್ತು ರೂಡೆವಿಕ್ ಎಂಬ ಸ್ವೀಡನ್ನಿನ ಸಂಶೋಧಕರು 1973ರಲ್ಲಿ ಮೊಲಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ನರವನ್ನು ಅದರ ಉದ್ದದ ಸುಮಾರು ಶೇ. 8ರಷ್ಟು ಎಳೆದಾಗ ಅದರ ಸೂಕ್ಷ್ಮ ಸಿರೆಗಳಲ್ಲಿ ರಕ್ತದ ಹರಿವು ಕುಂದತೊಡಗಿತು, ಸುಮಾರು ಶೇ. 15ರಷ್ಟು ಎಳೆದಾಗ ಹರಿವು ಸಂಪೂರ್ಣವಾಗಿ ನಿಂತಿತು. ಒತ್ತಡದ ವಿಷಯದಲ್ಲಿಯೂ ಹೀಗೆಯೇ: ನರದ ಮೇಲಿನ ಒತ್ತಡವು ಪಾದರಸದ 20ರಿಂದ 30 ಮಿಲಿಮೀಟರ್ ತಲಪಿದಾಗ ಸಿರೆಗಳ ಹರಿವು ಕುಗ್ಗುತ್ತದೆ, 60ರಿಂದ 80 ಮಿಲಿಮೀಟರ್ ತಲಪಿದಾಗ ನರದೊಳಗಿನ ರಕ್ತಸಂಚಾರ ನಿಲ್ಲುತ್ತದೆ ಎಂದು 1981ರಲ್ಲಿ ಪ್ರಕಟವಾದ ಪ್ರಾಣಿ ಪ್ರಯೋಗಗಳಿಂದ ತಿಳಿದುಬಂದಿದೆ.

ಕಾರ್ಯತತ್ತ್ವ

ಮನುಷ್ಯನ ಕಿವಿಗೆ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಆವೃತ್ತಿಯ ಶಬ್ದಗಳು ಮಾತ್ರ ಕೇಳಿಸುತ್ತವೆ. ಅದಕ್ಕಿಂತ ಹೆಚ್ಚಿನ ಆವೃತ್ತಿಯದು ಶ್ರವಣಾತೀತ ಧ್ವನಿ. ಅಲ್ಟ್ರಾಸೌಂಡ್ ಯಂತ್ರದ ಕೈಹಿಡಿಯ ತುದಿಯಲ್ಲಿ, ಅಂದರೆ ಪ್ರೋಬ್‌ನಲ್ಲಿ, ವಿದ್ಯುತ್ತನ್ನು ಕಂಪನವಾಗಿಯೂ ಕಂಪನವನ್ನು ವಿದ್ಯುತ್ತಾಗಿಯೂ ಮಾರ್ಪಡಿಸುವ ಘಟಕಗಳಿರುತ್ತವೆ. ಪೀಜೋ ವಿದ್ಯುತ್ ಪರಿಣಾಮ ಎಂದು ಕರೆಯಲಾಗುವ ಈ ಗುಣವನ್ನು ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಕ್ಯೂರಿ 1880ರಲ್ಲಿ ಕಂಡುಹಿಡಿದರು. ಪ್ರೋಬ್ ಕಳುಹಿಸಿದ ತರಂಗಗಳು ದೇಹದ ಬೇರೆಬೇರೆ ಅಂಗಾಂಶಗಳ ಗಡಿಗಳಲ್ಲಿ ಪ್ರತಿಫಲಿಸಿ ಹಿಂದಿರುಗುತ್ತವೆ. ಮೃದು ಅಂಗಾಂಶಗಳಲ್ಲಿ ಧ್ವನಿಯ ವೇಗವನ್ನು ಸೆಕೆಂಡಿಗೆ 1540 ಮೀಟರ್ ಎಂದಿಟ್ಟುಕೊಂಡು, ಪ್ರತಿಧ್ವನಿ ಮರಳಲು ಹಿಡಿದ ಕಾಲದಿಂದ ಆಳವನ್ನು ಲೆಕ್ಕಹಾಕಿ ಯಂತ್ರವು ಚಿತ್ರವನ್ನು ರಚಿಸುತ್ತದೆ.

ಆವೃತ್ತಿ ಹೆಚ್ಚಿದಷ್ಟೂ ಚಿತ್ರದ ಸೂಕ್ಷ್ಮತೆ ಹೆಚ್ಚುತ್ತದೆ, ಆದರೆ ಧ್ವನಿಯು ಇಳಿಯುವ ಆಳ ಕಡಿಮೆಯಾಗುತ್ತದೆ. ಹೊಟ್ಟೆಯೊಳಗಿನ ಅಂಗಗಳನ್ನು ನೋಡಲು 2ರಿಂದ 5 ಮೆಗಾಹರ್ಟ್ಸ್ ಸಾಕಾದರೆ, ಚರ್ಮದ ಸಮೀಪದಲ್ಲಿರುವ ನರಗಳಿಗೆ ಸಾಮಾನ್ಯವಾಗಿ 10ರಿಂದ 18 ಮೆಗಾಹರ್ಟ್ಸ್ ಅಥವಾ ಅದಕ್ಕೂ ಹೆಚ್ಚಿನ ಆವೃತ್ತಿಯ ಪ್ರೋಬ್ ಬೇಕಾಗುತ್ತದೆ. 15 ಮೆಗಾಹರ್ಟ್ಸ್‌ನಲ್ಲಿ ತರಂಗಾಂತರವು ಮಿಲಿಮೀಟರಿನ ಸುಮಾರು ಹತ್ತನೆಯ ಒಂದು ಭಾಗದಷ್ಟಿರುತ್ತದೆ.

ಅಡ್ಡಕೊಯ್ತದ ನೋಟದಲ್ಲಿ ನರವು ಜೇನುಗೂಡಿನಂತೆ ಕಾಣುತ್ತದೆ. ನರತಂತುಗಳ ಕಂತೆಗಳು ಕಪ್ಪು ಚುಕ್ಕೆಗಳಾಗಿಯೂ, ಅವುಗಳ ನಡುವಿನ ಹೊದಿಕೆಗಳು ಬಿಳಿ ಗೆರೆಗಳಾಗಿಯೂ ಮೂಡುತ್ತವೆ. ಉದ್ದಕೊಯ್ತದಲ್ಲಿ ಅದು ಸಮಾನಾಂತರವಾದ ಪಟ್ಟೆಗಳಂತೆ ತೋರುತ್ತದೆ. ಪಕ್ಕದಲ್ಲಿಯೇ ಇರುವ ಸ್ನಾಯುರಜ್ಜುವಿನಿಂದ ನರವನ್ನು ಬೇರ್ಪಡಿಸಿ ಗುರುತಿಸಲು ಪ್ರೋಬನ್ನು ತುಸು ಓರೆಮಾಡುತ್ತಾರೆ; ಆಗ ಸ್ನಾಯುರಜ್ಜು ಥಟ್ಟನೆ ಕಪ್ಪಾಗುತ್ತದೆ, ನರದ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ. ಬೆರಳನ್ನು ಆಡಿಸಿದಾಗ ಸ್ನಾಯುರಜ್ಜು ಹೆಚ್ಚು ದೂರ ಚಲಿಸುವುದು, ನರ ಕಡಿಮೆ ಚಲಿಸುವುದು ಇನ್ನೊಂದು ಗುರುತು.

ಇತಿಹಾಸ

ಕೈಕಾಲುಗಳ ಭಂಗಿಯಿಂದ ನರಗಳನ್ನು ಪರೀಕ್ಷಿಸುವ ಕ್ರಮ ಅಲ್ಟ್ರಾಸೌಂಡಿಗಿಂತ ಹಳೆಯದು. ಮಲಗಿದ ರೋಗಿಯ ಕಾಲನ್ನು ಮಂಡಿ ಮಡಿಸದೆ ಮೇಲೆತ್ತಿ ಸಯಾಟಿಕಾ ನೋವನ್ನು ಪತ್ತೆಹಚ್ಚುವ ಪರೀಕ್ಷೆಯನ್ನು ಫ್ರಾನ್ಸಿನ ವೈದ್ಯ ಲಾಸೆಗ್ ಅವರ ಶಿಷ್ಯ ಫೋರ್ಸ್ಟ್ 1881ರಲ್ಲಿ ವಿವರಿಸಿದರು. ಇದು ಇಂದಿಗೂ ಗುರುವಿನ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ. ಅಮೆರಿಕದ ಶಸ್ತ್ರವೈದ್ಯ ಜಾರ್ಜ್ ಫೇಲನ್ ಮಣಿಕಟ್ಟನ್ನು ಒಂದು ನಿಮಿಷದ ಕಾಲ ಬಾಗಿಸಿಟ್ಟು ಬೆರಳುಗಳಲ್ಲಿ ಜೋಮು ಉಂಟಾಗುವುದೇ ಎಂದು ನೋಡುವ ಪರೀಕ್ಷೆಯನ್ನು ಬಳಕೆಗೆ ತಂದರು. ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟ್‌ಗಳಾದ ಜೆಫ್ರಿ ಮೇಟ್‌ಲೆಂಡ್, ರಾಬರ್ಟ್ ಎಲ್ವಿ ಮತ್ತು ಡೇವಿಡ್ ಬಟ್ಲರ್ ಅವರು 1970ರ ದಶಕದಿಂದ ಮುಂದಕ್ಕೆ ಕುಳಿತು ಬಾಗುವ ಪರೀಕ್ಷೆ, ತೋಳಿನ ನರಗಳ ಎಳೆತದ ಪರೀಕ್ಷೆ ಮುಂತಾದವನ್ನು ರೂಪಿಸಿ ಪ್ರಚಾರಪಡಿಸಿದರು. ಆದರೆ ಇವೆಲ್ಲವೂ ರೋಗಿಯು ಹೇಳುವ ನೋವನ್ನೇ ನಂಬಿದ್ದವು. ಒಳಗೆ ನಿಜವಾಗಿ ಏನಾಗುತ್ತಿದೆ ಎಂಬುದನ್ನು ತಿಳಿಯಲು ಮೃತದೇಹಗಳ ಪರೀಕ್ಷೆಯನ್ನು ಅವಲಂಬಿಸಬೇಕಾಗಿತ್ತು.

ವೈದ್ಯಕೀಯದಲ್ಲಿ ಅಲ್ಟ್ರಾಸೌಂಡಿನ ಬಳಕೆ 1940ರ ದಶಕದಲ್ಲಿ ಆಸ್ಟ್ರಿಯಾದ ಕಾರ್ಲ್ ಡುಸಿಕ್ ಅವರ ಪ್ರಯತ್ನಗಳಿಂದ ಆರಂಭವಾಯಿತು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಪ್ರಕಟಿಸಿದ ಲೇಖನದ ನಂತರ ಅದು ಪ್ರಸೂತಿ ವಿಭಾಗದಲ್ಲಿ ನೆಲೆಯೂರಿತು. ನರಗಳನ್ನು ಕಾಣುವಷ್ಟು ಸೂಕ್ಷ್ಮವಾದ ಪ್ರೋಬ್‌ಗಳು ಬರಲು ಇನ್ನೂ ಮೂರು ದಶಕ ಬೇಕಾಯಿತು. 1988ರಲ್ಲಿ ಬ್ರೂನೋ ಫೋರ್ನಾಜ್ ಕೈಕಾಲುಗಳ ನರಗಳ ಅಲ್ಟ್ರಾಸೌಂಡ್ ಚಿತ್ರಗಳನ್ನು ವಿವರಿಸಿದರು. 1990ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಬುಕ್‌ಬರ್ಗರ್ ಮತ್ತು ಸಂಗಡಿಗರು ಕಾರ್ಪಲ್ ಟನಲ್ ಸಿಂಡ್ರೋಮ್‌ನಲ್ಲಿ ನರವು ಊದಿಕೊಳ್ಳುವುದನ್ನು ತೋರಿಸಿಕೊಟ್ಟರು. 1995ರಲ್ಲಿ ಇಟಲಿಯ ಸಿಲ್ವೆಸ್ಟ್ರಿ ಮತ್ತು ಸಂಗಡಿಗರು ಪರದೆಯ ಮೇಲಿನ ಜೇನುಗೂಡಿನ ವಿನ್ಯಾಸವು ಸೂಕ್ಷ್ಮದರ್ಶಕದಲ್ಲಿ ಕಾಣುವ ನರದ ರಚನೆಗೆ ಹೊಂದುತ್ತದೆ ಎಂಬುದನ್ನು ದೃಢಪಡಿಸಿದರು. ಅದೇ ವರ್ಷ ಜಪಾನಿನ ನಕಾಮಿಚಿ ಮತ್ತು ತಾಚಿಬಾನಾ ಅವರು ಕಾರ್ಪಲ್ ಟನಲ್ ರೋಗಿಗಳಲ್ಲಿ ನರದ ಅಡ್ಡಚಲನೆ ಕುಂಠಿತವಾಗಿರುವುದನ್ನು ಅಲ್ಟ್ರಾಸೌಂಡಿನಿಂದ ವರದಿಮಾಡಿದರು. ನರದ ಉದ್ದುದ್ದ ಜಾರುವಿಕೆಯನ್ನು ಅಳೆಯುವ ವಿಧಾನವನ್ನು ಇಂಗ್ಲೆಂಡಿನ ಆಂಡ್ರ್ಯೂ ಡಿಲ್ಲಿ, ಜೇನ್ ಗ್ರೀನಿಂಗ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದರು.

ಅಳತೆಯ ವಿಧಾನಗಳು

ದೇಹಭಂಗಿಯ ಪರಿಣಾಮವನ್ನು ತಿಳಿಯಲು ಮುಖ್ಯವಾಗಿ ನಾಲ್ಕು ಬಗೆಯ ಅಳತೆಗಳನ್ನು ಮಾಡಲಾಗುತ್ತದೆ.

ಅಡ್ಡಕೊಯ್ತದ ವಿಸ್ತೀರ್ಣ: ನರದ ಅಂಚಿನ ಗುಂಟ ಗೆರೆಯೆಳೆದು ಅದರ ವಿಸ್ತೀರ್ಣವನ್ನು ಚದರ ಮಿಲಿಮೀಟರಿನಲ್ಲಿ ಅಳೆಯುವುದು. ಅಗಲ ಮತ್ತು ದಪ್ಪದ ಅನುಪಾತದಿಂದ ನರವು ಎಷ್ಟು ಚಪ್ಪಟೆಯಾಗಿದೆ ಎಂಬುದೂ ತಿಳಿಯುತ್ತದೆ. ಎಳೆತಕ್ಕೆ ಒಳಗಾದ ನರವು ಉದ್ದವಾಗುವುದರ ಜೊತೆಗೆ ಸಪೂರವಾಗುತ್ತದೆ; ದೀರ್ಘಕಾಲ ಒತ್ತಡಕ್ಕೆ ಸಿಲುಕಿದ ನರವು ಒತ್ತಡದ ಜಾಗಕ್ಕಿಂತ ತುಸು ಮೊದಲು ಊದಿಕೊಳ್ಳುತ್ತದೆ.

ಅಡ್ಡಚಲನೆ: ಕೀಲನ್ನು ಆಡಿಸಿದಾಗ ನರವು ಎಡಕ್ಕೋ ಬಲಕ್ಕೋ, ಆಳಕ್ಕೋ ಮೇಲಕ್ಕೋ ಎಷ್ಟು ಸರಿಯುತ್ತದೆ ಎಂಬ ಅಳತೆ.

ಉದ್ದುದ್ದ ಜಾರುವಿಕೆ: ನರದ ಉದ್ದಕೊಯ್ತದ ಚಲನಚಿತ್ರವನ್ನು ಸೆರೆಹಿಡಿದು, ಚಿತ್ರದಲ್ಲಿ ಕಾಣುವ ಬೆಳಕಿನ ಚುಕ್ಕೆಗಳ ವಿನ್ಯಾಸವು ಒಂದು ಚೌಕಟ್ಟಿನಿಂದ ಮುಂದಿನ ಚೌಕಟ್ಟಿಗೆ ಎಷ್ಟು ಸ್ಥಳಾಂತರವಾಯಿತು ಎಂಬುದನ್ನು ಗಣಕಯಂತ್ರವು ಲೆಕ್ಕಹಾಕುತ್ತದೆ. ಪಕ್ಕದ ಸ್ಥಿರ ಅಂಗಾಂಶದ ಚಲನೆಯನ್ನು ಅದರಿಂದ ಕಳೆದರೆ ನರದ ನಿಜವಾದ ಜಾರುವಿಕೆ ದೊರೆಯುತ್ತದೆ.

ಬಿಗಿತ: ಹೊಸ ಯಂತ್ರಗಳಲ್ಲಿರುವ ಇಲಾಸ್ಟೋಗ್ರಫಿ ಎಂಬ ಸೌಲಭ್ಯದಿಂದ ಅಂಗಾಂಶದ ಗಡಸುತನವನ್ನು ಅಳೆಯಬಹುದು. ಅದರ ಒಂದು ಬಗೆಯಲ್ಲಿ ಯಂತ್ರವು ಒಳಗೆ ಪುಟ್ಟ ನೂಕುವಿಕೆಯೊಂದನ್ನು ಉಂಟುಮಾಡಿ, ಅದರಿಂದ ಹೊಮ್ಮಿದ ಅಡ್ಡ ಅಲೆಯು ಹರಡುವ ವೇಗವನ್ನು ಗುರುತಿಸುತ್ತದೆ. ಬಿಗಿಯಾದ ತಂತಿಯಲ್ಲಿ ಅಲೆಯು ಬೇಗನೆ ಓಡುವಂತೆ, ಎಳೆತಕ್ಕೊಳಗಾದ ನರದಲ್ಲಿಯೂ ಈ ಅಲೆಯ ವೇಗ ಹೆಚ್ಚುತ್ತದೆ.

ಪ್ರಮುಖ ನರಗಳು ಮತ್ತು ಭಂಗಿಯ ಪರಿಣಾಮ

ಮೀಡಿಯನ್ ನರ

ಹೆಚ್ಚು ಅಧ್ಯಯನಕ್ಕೆ ಒಳಗಾದ ನರವಿದು. ಇದು ತೋಳಿನ ಒಳಭಾಗದಿಂದ ಇಳಿದು ಮಣಿಕಟ್ಟಿನ ಕಾರ್ಪಲ್ ಸುರಂಗದ ಮೂಲಕ ಅಂಗೈಯನ್ನು ಸೇರುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಭಾಗದ ಸ್ಪರ್ಶಜ್ಞಾನ ಇದರಿಂದಲೇ ದೊರೆಯುತ್ತದೆ. ಮೂರು ಕಡೆ ಮೂಳೆ, ಒಂದು ಕಡೆ ಗಟ್ಟಿಯಾದ ಪಟ್ಟಿಯಿರುವ ಈ ಸುರಂಗದಲ್ಲಿ ನರದೊಡನೆ ಒಂಬತ್ತು ಸ್ನಾಯುರಜ್ಜುಗಳೂ ಹಾದುಹೋಗುತ್ತವೆ.

ಮಣಿಕಟ್ಟು ನೇರವಾಗಿರುವಾಗ ನರವು ಸುರಂಗದ ಮೇಲ್ಛಾವಣಿಗೆ ಹತ್ತಿರದಲ್ಲಿ ಅಂಡಾಕಾರದಲ್ಲಿರುತ್ತದೆ. ಮಣಿಕಟ್ಟನ್ನು ಅಂಗೈಯ ಕಡೆಗೆ ಬಾಗಿಸಿದಾಗ ಸ್ನಾಯುರಜ್ಜುಗಳು ಮೇಲ್ಛಾವಣಿಯ ಕಡೆಗೆ ಒತ್ತರಿಸಿ ಬರುತ್ತವೆ. ಆರೋಗ್ಯವಂತರಲ್ಲಿ ನರವು ಪಕ್ಕಕ್ಕೆ ಸರಿದು ಅಥವಾ ಸ್ನಾಯುರಜ್ಜುಗಳ ನಡುವಿನ ಸಂದಿಗೆ ನುಸುಳಿ ಈ ಒತ್ತಡದಿಂದ ಪಾರಾಗುತ್ತದೆ. ಕಾರ್ಪಲ್ ಟನಲ್ ಸಿಂಡ್ರೋಮ್ ಇರುವವರಲ್ಲಿ ಇಂಥ ಸರಿದಾಟ ಕಡಿಮೆ. ನರವು ಇದ್ದಲ್ಲಿಯೇ ಸಿಲುಕಿ ಚಪ್ಪಟೆಯಾಗುತ್ತದೆ. ಗೆಲ್ಬರ್‌ಮನ್ ಮತ್ತು ಸಂಗಡಿಗರು ಸೂಕ್ಷ್ಮ ನಳಿಕೆಯನ್ನು ಸುರಂಗದೊಳಗೆ ಇರಿಸಿ 1981ರಲ್ಲಿ ಪ್ರಕಟಿಸಿದ ಅಳತೆಗಳು ಇದಕ್ಕೆ ಹೊಂದುತ್ತವೆ. ಮಣಿಕಟ್ಟು ನೇರವಾಗಿದ್ದಾಗ ಆರೋಗ್ಯವಂತರ ಸುರಂಗದಲ್ಲಿ ಸರಾಸರಿ ಒತ್ತಡವು ಪಾದರಸದ 2.5 ಮಿಲಿಮೀಟರ್ ಇದ್ದರೆ ರೋಗಿಗಳಲ್ಲಿ 32 ಮಿಲಿಮೀಟರ್ ಇತ್ತು. ಮಣಿಕಟ್ಟನ್ನು ಪೂರ್ಣ ಬಾಗಿಸಿದಾಗ ರೋಗಿಗಳಲ್ಲಿ ಅದು 94ಕ್ಕೂ, ಹಿಂದಕ್ಕೆ ಮಡಿಸಿದಾಗ 110ಕ್ಕೂ ಏರಿತು. ನಿದ್ರೆಯಲ್ಲಿ ಮಣಿಕಟ್ಟು ಬಾಗಿಯೇ ಉಳಿಯುವುದು ಈ ರೋಗಿಗಳು ನಡುರಾತ್ರಿ ಎಚ್ಚೆತ್ತು ಕೈಕೊಡವಿಕೊಳ್ಳಲು ಒಂದು ಕಾರಣವೆಂದು ಭಾವಿಸಲಾಗಿದೆ.

ಉದ್ದುದ್ದ ಜಾರುವಿಕೆಯಲ್ಲಿ, ಮಣಿಕಟ್ಟನ್ನು ಹಿಂದಕ್ಕೆ ಮಡಿಸಿದಾಗ ಮುಂಗೈಯ ನರವು ಮಣಿಕಟ್ಟಿನ ಕಡೆಗೆ ಜಾರುತ್ತದೆ. ಮೊಣಕೈಯನ್ನು ನೇರಮಾಡಿದಾಗ ಮೇಲ್ತೋಳಿನ ನರ ಕೆಳಕ್ಕೂ, ಮುಂಗೈಯ ನರ ಮೇಲಕ್ಕೂ, ಅಂದರೆ ಎರಡೂ ಮೊಣಕೈಯ ಕಡೆಗೆ, ಸರಿಯುತ್ತವೆ. ಕತ್ತನ್ನು ಎದುರು ಬದಿಗೆ ವಾಲಿಸಿದರೂ ತೋಳಿನ ನರವು ಕತ್ತಿನ ಕಡೆಗೆ ಕೆಲವು ಮಿಲಿಮೀಟರ್ ಎಳೆಯಲ್ಪಡುತ್ತದೆ. ಕೈಯ ನೋವನ್ನು ಪರೀಕ್ಷಿಸುವಾಗ ಕತ್ತಿನ ಭಂಗಿಯನ್ನೂ ಗಮನಿಸಬೇಕೆಂಬ ಫಿಸಿಯೋಥೆರಪಿಸ್ಟ್‌ಗಳ ಮಾತಿಗೆ ಇದರಿಂದ ಆಧಾರ ದೊರೆಯಿತು.

ಅಲ್ನಾರ್ ನರ

ಮೊಣಕೈಯ ಒಳಮಗ್ಗುಲಿನ ಮೂಳೆಯ ಗುಬುಟಿನ ಹಿಂದೆ ಚರ್ಮದ ಕೆಳಗೇ ಹಾದುಹೋಗುವ ನರವಿದು. ಈ ಜಾಗ ಬಾಗಿಲಿಗೋ ಮೇಜಿನ ಅಂಚಿಗೋ ತಾಗಿದಾಗ ಕಿರುಬೆರಳಿನವರೆಗೆ ಜುಮ್ಮೆನ್ನುವುದು ಇದರಿಂದಲೇ. ಮೀಡಿಯನ್ ನರವು ಮೊಣಕೈಯ ಮುಂಭಾಗದಲ್ಲಿಯೂ ಅಲ್ನಾರ್ ನರವು ಹಿಂಭಾಗದಲ್ಲಿಯೂ ಇರುವುದರಿಂದ ಒಂದೇ ಭಂಗಿಯ ಪರಿಣಾಮ ಇವೆರಡರ ಮೇಲೆ ವಿರುದ್ಧವಾಗಿರುತ್ತದೆ. ಮೊಣಕೈ ಮಡಿಸಿದಾಗ ಮೀಡಿಯನ್ ನರ ಸಡಿಲವಾಗುತ್ತದೆ, ಅಲ್ನಾರ್ ನರ ಬಿಗಿಯಾಗುತ್ತದೆ. ಅದೇ ಹೊತ್ತಿಗೆ ನರವಿರುವ ಕ್ಯೂಬಿಟಲ್ ಸುರಂಗವೂ ಚಪ್ಪಟೆಯಾಗಿ ಇಕ್ಕಟ್ಟಾಗುತ್ತದೆ. ಮೊಬೈಲನ್ನು ಕಿವಿಗಿಟ್ಟು ಬಹುಹೊತ್ತು ಮಾತನಾಡುವವರಲ್ಲಿ ಕಿರುಬೆರಳು ಮರಗಟ್ಟುವುದಕ್ಕೆ ಇದು ಕಾರಣ.

ಕೆಲವರಲ್ಲಿ ಮೊಣಕೈ ಮಡಿಸಿದಾಗ ಈ ನರವು ಮೂಳೆಯ ಗುಬುಟನ್ನು ಹತ್ತಿ ಮುಂದಕ್ಕೆ ಜಾರಿ, ನೇರಮಾಡಿದಾಗ ಹಿಂದಿರುಗುತ್ತದೆ. ಚೈಲ್ಡ್ರೆಸ್ ಎಂಬ ವೈದ್ಯರು 1956ರಲ್ಲಿ 2000 ಮೊಣಕೈಗಳನ್ನು ಬೆರಳಿನಿಂದ ಮುಟ್ಟಿ ಪರೀಕ್ಷಿಸಿ, ಸುಮಾರು ಶೇ. 16ರಲ್ಲಿ ಇಂಥ ಜಾರುವಿಕೆಯನ್ನು ಗುರುತಿಸಿದ್ದರು. ಅಲ್ಟ್ರಾಸೌಂಡಿನಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಮೊಣಕೈ ನೇರವಾಗಿರುವಾಗ ಮಾತ್ರ ಪರೀಕ್ಷಿಸಿದರೆ ಈ ಸಂಗತಿ ತಿಳಿಯುವುದೇ ಇಲ್ಲ. ಶಸ್ತ್ರಚಿಕಿತ್ಸೆಯ ವಿಧಾನವನ್ನು ನಿರ್ಧರಿಸುವಾಗ ಇದು ಮುಖ್ಯವಾಗುತ್ತದೆ.

ಸಯಾಟಿಕ್ ಮತ್ತು ಟಿಬಿಯಲ್ ನರಗಳು

ಸಯಾಟಿಕ್ ನರವು ದೇಹದ ಅತಿ ದಪ್ಪನೆಯ ನರ. ಸೊಂಟದಿಂದ ಹೊರಟು ತೊಡೆಯ ಹಿಂಭಾಗದಲ್ಲಿ ಇಳಿದು, ಮಂಡಿಯ ಮೇಲ್ಭಾಗದಲ್ಲಿ ಟಿಬಿಯಲ್ ಮತ್ತು ಪೆರೋನಿಯಲ್ ನರಗಳಾಗಿ ಕವಲೊಡೆಯುತ್ತದೆ. ಕುಳಿತು ಮಂಡಿಯನ್ನು ನೇರಮಾಡಿದಾಗ ತೊಡೆಯಲ್ಲಿನ ನರವು ಮಂಡಿಯ ಕಡೆಗೆ ಜಾರುತ್ತದೆ. ನ್ಯೂಜಿಲೆಂಡಿನ ರಿಚರ್ಡ್ ಎಲ್ಲಿಸ್ ಮತ್ತು ಸಂಗಡಿಗರು ಈ ಜಾರುವಿಕೆಯನ್ನು ಅಲ್ಟ್ರಾಸೌಂಡಿನಿಂದ ಅಳೆದು, ಬೇರೆಬೇರೆ ವ್ಯಾಯಾಮಗಳಲ್ಲಿ ಅದು ಬೇರೆಬೇರೆಯಾಗಿರುವುದನ್ನು ವರದಿಮಾಡಿದ್ದಾರೆ. ಮಂಡಿ ನೇರವಾಗಿರುವಾಗ ಪಾದವನ್ನು ಮೇಲಕ್ಕೆ ಎತ್ತಿದರೆ ಸಯಾಟಿಕ್ ನರದ ಬಿಗಿತ ಹೆಚ್ಚುತ್ತದೆ, ಮಂಡಿ ಮಡಿಸಿರುವಾಗ ಅದೇ ಚಲನೆಯಿಂದ ಅಷ್ಟು ಬದಲಾವಣೆ ಕಾಣುವುದಿಲ್ಲ ಎಂದು 2016ರಲ್ಲಿ ಇಲಾಸ್ಟೋಗ್ರಫಿಯಿಂದ ತೋರಿಸಲಾಯಿತು. ಪಾದದ ಚಲನೆಯು ತೊಡೆಯ ನರದವರೆಗೆ ಮುಟ್ಟುತ್ತದೆ ಎಂಬುದಕ್ಕೆ ಇದು ಸಾಕ್ಷಿ. 2017ರಲ್ಲಿ ಗ್ರೀನಿಂಗ್ ಮತ್ತು ಡಿಲ್ಲಿ ಅವರು ಮೀಡಿಯನ್ ಹಾಗೂ ಟಿಬಿಯಲ್ ನರಗಳೆರಡರಲ್ಲಿಯೂ ಎಳೆತದ ಭಂಗಿಯಲ್ಲಿ ಬಿಗಿತವು ಗಣನೀಯವಾಗಿ ಹೆಚ್ಚುವುದನ್ನು ಪ್ರಕಟಿಸಿದರು.

ಪೆರೋನಿಯಲ್ ನರ

ಮಂಡಿಯ ಕೆಳಗೆ ಹೊರಮಗ್ಗುಲಿನ ಮೂಳೆಯ ತಲೆಯನ್ನು ಸುತ್ತಿಕೊಂಡು ಹೋಗುವ ಈ ನರಕ್ಕೆ ಅಲ್ಲಿ ಚರ್ಮದ ಹೊರತು ಹೆಚ್ಚಿನ ರಕ್ಷಣೆಯಿಲ್ಲ. ಕಾಲಮೇಲೆ ಕಾಲು ಹಾಕಿ ಕೂರುವುದು, ಬಹುಹೊತ್ತು ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳುವಂಥ ಕೆಲಸ ಮಾಡುವುದು ಇದನ್ನು ಒತ್ತುತ್ತವೆ. ಹಾನಿ ತೀವ್ರವಾದರೆ ಪಾದವನ್ನು ಮೇಲೆತ್ತಲಾಗದೆ ಎಳೆಯುತ್ತ ನಡೆಯಬೇಕಾಗುತ್ತದೆ. ಗಂಟೆಗಟ್ಟಲೆ ವಜ್ರಾಸನದಂಥ ಭಂಗಿಯಲ್ಲಿ ಕುಳಿತುದರಿಂದ ಹೀಗಾದ ಒಂದು ಪ್ರಕರಣವನ್ನು 1971ರಲ್ಲಿ ಅಮೆರಿಕದ ವೈದ್ಯ ಪತ್ರಿಕೆಯೊಂದು ಯೋಗಕ್ಕೆ ಸಂಬಂಧಿಸಿದ ಹೆಸರಿನಿಂದಲೇ ಪ್ರಕಟಿಸಿತ್ತು. ಮಿತವಾದ ಅಭ್ಯಾಸದಲ್ಲಿ ಇಂಥ ಹಾನಿ ಅಪರೂಪ. ಅಲ್ಟ್ರಾಸೌಂಡಿನಿಂದ ಈ ನರದ ಊತವನ್ನೂ, ಅದನ್ನು ಒತ್ತುವ ನೀರುಗಂಟು ಇದೆಯೇ ಎಂಬುದನ್ನೂ ನೋಡಬಹುದು. ನೀರುಗಂಟು ಇದ್ದರೆ ಕೇವಲ ಭಂಗಿಯನ್ನು ಬದಲಿಸುವುದರಿಂದ ಗುಣವಾಗುವುದಿಲ್ಲ.

ಉಪಯೋಗಗಳು

ರೋಗನಿರ್ಣಯ: ಕಾರ್ಪಲ್ ಟನಲ್ ಸಿಂಡ್ರೋಮ್‌ನಲ್ಲಿ ಸುರಂಗದ ಪ್ರವೇಶದ್ವಾರದಲ್ಲಿ ಮೀಡಿಯನ್ ನರದ ವಿಸ್ತೀರ್ಣವು ಸುಮಾರು 10 ಚದರ ಮಿಲಿಮೀಟರಿಗಿಂತ ಹೆಚ್ಚಿದ್ದರೆ ಸಂಶಯಪಡಲಾಗುತ್ತದೆ; ಈ ಗಡಿಯನ್ನು ಬೇರೆಬೇರೆ ಕೇಂದ್ರಗಳು 9ರಿಂದ 12ರವರೆಗೆ ಇರಿಸಿಕೊಂಡಿವೆ. ಗಡಿಯ ಆಸುಪಾಸಿನಲ್ಲಿ ಒಂದೆರಡು ಚದರ ಮಿಲಿಮೀಟರಿನ ವ್ಯತ್ಯಾಸವೇ ರೋಗವಿದೆ ಅಥವಾ ಇಲ್ಲ ಎಂಬ ತೀರ್ಮಾನವನ್ನು ಬದಲಿಸಬಲ್ಲದು. ಆದುದರಿಂದ ಅಳೆಯುವಾಗ ಮಣಿಕಟ್ಟು ಮತ್ತು ಬೆರಳುಗಳು ಯಾವ ಭಂಗಿಯಲ್ಲಿದ್ದವು ಎಂಬುದು ಗೌಣ ವಿಷಯವಲ್ಲ.

ನರವಾಹಕ ಪರೀಕ್ಷೆಗೆ ಪೂರಕ: ವಿದ್ಯುತ್ ಪ್ರಚೋದನೆಯಿಂದ ನರದ ಸಂದೇಶವೇಗವನ್ನು ಅಳೆಯುವಾಗ ದೂರವನ್ನು ಚರ್ಮದ ಮೇಲೆ ಟೇಪಿನಿಂದ ಅಳೆಯುತ್ತಾರೆ. ಮೊಣಕೈ ನೇರವಾಗಿದ್ದರೆ ಅಲ್ನಾರ್ ನರವು ಒಳಗೆ ಸಡಿಲವಾಗಿರುವುದರಿಂದ ಟೇಪಿನ ಅಳತೆ ನರದ ನಿಜವಾದ ಉದ್ದಕ್ಕಿಂತ ಕಡಿಮೆ ಬರುತ್ತದೆ. ಪರಿಣಾಮವಾಗಿ ಆರೋಗ್ಯವಂತನ ನರವೂ ನಿಧಾನವಾಗಿರುವಂತೆ ತೋರಬಹುದು. ಈ ಕಾರಣದಿಂದ ಮೊಣಕೈಯನ್ನು 70ರಿಂದ 90 ಡಿಗ್ರಿ ಮಡಿಸಿ ಪರೀಕ್ಷಿಸುವಂತೆ ಸಲಹೆ ನೀಡಲಾಗುತ್ತದೆ.

ವ್ಯಾಯಾಮ ಮತ್ತು ಪಟ್ಟಿ: ನರ ಜಾರಿಸುವ ವ್ಯಾಯಾಮಗಳಲ್ಲಿ ಎರಡು ಬಗೆಯುಂಟು. ಒಂದು ಕೀಲಿನಲ್ಲಿ ನರವನ್ನು ಎಳೆಯುತ್ತಿರುವಾಗಲೇ ಇನ್ನೊಂದು ಕೀಲಿನಲ್ಲಿ ಸಡಿಲಿಸುವುದು ಮೊದಲನೆಯದು. ಎರಡೂ ಕಡೆಯಿಂದ ಏಕಕಾಲಕ್ಕೆ ಎಳೆಯುವುದು ಎರಡನೆಯದು. ಕಾಪಿಟರ್ಸ್, ಹಫ್ ಮತ್ತು ಡಿಲ್ಲಿ ಅವರು 2009ರಲ್ಲಿ ಪ್ರಕಟಿಸಿದ ಅಲ್ಟ್ರಾಸೌಂಡ್ ಅಧ್ಯಯನದಲ್ಲಿ ಮೊದಲನೆಯ ಬಗೆಯಲ್ಲಿ ಮೀಡಿಯನ್ ನರವು ಸರಾಸರಿ 10 ಮಿಲಿಮೀಟರಿನಷ್ಟು ಜಾರಿದರೆ, ಎರಡನೆಯದರಲ್ಲಿ ಸುಮಾರು 2 ಮಿಲಿಮೀಟರ್ ಮಾತ್ರ ಜಾರಿತು. ನೋವಿರುವ ನರವನ್ನು ಹೆಚ್ಚು ಎಳೆಯದೆ ಆಡಿಸಲು ಮೊದಲನೆಯ ಬಗೆಯೇ ಸೂಕ್ತವೆಂಬ ವಾದಕ್ಕೆ ಇದು ಬಲ ನೀಡಿತು. ಕಾರ್ಪಲ್ ಟನಲ್ ಸಿಂಡ್ರೋಮ್‌ನ ಆರಂಭದ ಹಂತದಲ್ಲಿ ರಾತ್ರಿ ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಪಟ್ಟಿಯನ್ನು ಕಟ್ಟುವುದೂ ಇದೇ ತಿಳಿವಳಿಕೆಯ ಫಲ.

ಅರಿವಳಿಕೆ: ದೀರ್ಘ ಶಸ್ತ್ರಚಿಕಿತ್ಸೆಯಲ್ಲಿ ಪ್ರಜ್ಞೆಯಿಲ್ಲದ ರೋಗಿಗೆ ಜೋಮು ಹಿಡಿದರೂ ಭಂಗಿ ಬದಲಿಸಲಾಗದು. ಇಂಥ ಸಂದರ್ಭಗಳಲ್ಲಿ ಅಲ್ನಾರ್ ನರಕ್ಕೂ ತೋಳಿನ ನರಜಾಲಕ್ಕೂ ಹಾನಿಯಾಗುವ ಸಾಧ್ಯತೆಯಿರುವುದರಿಂದ ತೋಳನ್ನು ದೇಹದಿಂದ 90 ಡಿಗ್ರಿಗಿಂತ ಹೆಚ್ಚು ಅಗಲಿಸದಿರುವುದು, ಮೊಣಕೈಯ ಕೆಳಗೆ ಮೆತ್ತೆಯಿಡುವುದು ಮುಂತಾದ ಎಚ್ಚರಿಕೆಗಳನ್ನು ವಹಿಸಲಾಗುತ್ತದೆ. ಅಲ್ಟ್ರಾಸೌಂಡ್ ನೋಡುತ್ತ ನರದ ಬಳಿ ಅರಿವಳಿಕೆ ಮದ್ದನ್ನು ಚುಚ್ಚುವಾಗಲೂ ಭಂಗಿ ಮುಖ್ಯ. ಕಂಕುಳಲ್ಲಿ ತೋಳಿನ ಭಂಗಿಗೆ ಅನುಗುಣವಾಗಿ ನರಗಳು ರಕ್ತನಾಳದ ಸುತ್ತ ಸ್ಥಾನ ಬದಲಿಸುತ್ತವೆ. ಮಂಡಿಯ ಹಿಂದೆ, ಪಾದವನ್ನು ಮೇಲೆ ಕೆಳಗೆ ಆಡಿಸಿದಾಗ ಟಿಬಿಯಲ್ ಮತ್ತು ಪೆರೋನಿಯಲ್ ನರಗಳು ಮಕ್ಕಳ ಸೀ-ಸಾ ಆಟದಂತೆ ಏರಿಳಿಯುವುದು ಅವುಗಳನ್ನು ಗುರುತಿಸಲು ನೆರವಾಗುತ್ತದೆ.

ಪರೀಕ್ಷೆಯ ಕ್ರಮ

ಭಂಗಿಯ ಪರಿಣಾಮವನ್ನು ಅಳೆಯುವ ಪರೀಕ್ಷೆಯಲ್ಲಿ ಮೊದಲು ರೋಗಿಯನ್ನು ಆರಾಮವಾದ, ನಿಗದಿತ ಭಂಗಿಯಲ್ಲಿ ಕೂರಿಸುತ್ತಾರೆ ಅಥವಾ ಮಲಗಿಸುತ್ತಾರೆ. ಕೀಲುಗಳ ಕೋನವನ್ನು ಕೋನಮಾಪಕದಿಂದ ಅಳೆದು ಬರೆದುಕೊಳ್ಳುತ್ತಾರೆ. ಚರ್ಮದ ಮೇಲೆ ಧಾರಾಳವಾಗಿ ಜೆಲ್ ಸವರಿ ಪ್ರೋಬನ್ನು ಹಗುರವಾಗಿ ಇರಿಸಲಾಗುತ್ತದೆ; ಗಟ್ಟಿಯಾಗಿ ಒತ್ತಿದರೆ ಪ್ರೋಬೇ ನರವನ್ನು ಚಪ್ಪಟೆಗೊಳಿಸುತ್ತದೆ. ನಂತರ ಒಂದು ಬಾರಿಗೆ ಒಂದೇ ಕೀಲನ್ನು ನಿಧಾನವಾಗಿ ಚಲಿಸಿ ಚಿತ್ರ ಸೆರೆಹಿಡಿಯುತ್ತಾರೆ. ರೋಗಿಯು ತಾನಾಗಿ ಅಂಗವನ್ನು ಚಲಿಸಿದಾಗ ಸ್ನಾಯುಗಳ ಸಂಕೋಚನವೂ ನರವನ್ನು ಸರಿಸುವುದರಿಂದ, ಪರೀಕ್ಷಕರು ಚಲಿಸಿದ ಅಳತೆಯನ್ನು ಅದರೊಡನೆ ಬೆರೆಸುವುದಿಲ್ಲ. ಇನ್ನೊಂದು ಬದಿಯ ಅಂಗವನ್ನೂ ಅದೇ ಭಂಗಿಯಲ್ಲಿ ನೋಡಿ ಹೋಲಿಸುವುದು ವಾಡಿಕೆ. ಈ ಪರೀಕ್ಷೆಯಲ್ಲಿ ವಿಕಿರಣದ ಅಪಾಯವಿಲ್ಲ, ಸೂಜಿಯ ಅಗತ್ಯವಿಲ್ಲ.

ಭಾರತದಲ್ಲಿ

ಭಾರತದಲ್ಲಿ ನರಗಳ ಅಲ್ಟ್ರಾಸೌಂಡಿಗೆ ಕುಷ್ಠರೋಗದ ದೆಸೆಯಿಂದ ವಿಶೇಷ ಮಹತ್ವವಿದೆ. ಈ ರೋಗದಲ್ಲಿ ನರಗಳು ದಪ್ಪವಾಗುತ್ತವೆ. ಅಲ್ನಾರ್ ನರವು ಮೊಣಕೈಯ ಗುಬುಟಿನ ಮೇಲ್ಭಾಗದಲ್ಲಿ ಹೆಚ್ಚು ಊದಿರುವುದು ಅದರ ಲಕ್ಷಣ. ಹೈದರಾಬಾದಿನ ಸಂಶೋಧಕರು ವಿದೇಶಿ ನರತಜ್ಞರೊಡನೆ 2009ರಲ್ಲಿ ಪ್ರಕಟಿಸಿದ ಅಧ್ಯಯನವು ಕುಷ್ಠರೋಗದ ನರಹಾನಿಯನ್ನು ಸೂಕ್ಷ್ಮ ಅಲ್ಟ್ರಾಸೌಂಡಿನಿಂದ ಗುರುತಿಸುವ ಬಗೆಯನ್ನು ತೋರಿಸಿಕೊಟ್ಟಿತು. ಮೊಣಕೈ ಮಡಿಸಿದಾಗ ಆರೋಗ್ಯವಂತ ನರದ ಆಕಾರವೂ ಬದಲಾಗುವುದರಿಂದ ಇಂಥ ಅಳತೆಗಳಲ್ಲಿ ಭಂಗಿ ಏಕರೂಪವಾಗಿರಬೇಕಾಗುತ್ತದೆ.

ಭ್ರೂಣಲಿಂಗ ಪತ್ತೆಯನ್ನು ತಡೆಯಲು 1994ರಲ್ಲಿ ಅಂಗೀಕರಿಸಿ 2003ರಲ್ಲಿ ತಿದ್ದುಪಡಿಗೊಳಿಸಿದ ಕಾಯಿದೆಯು ಭ್ರೂಣದ ಲಿಂಗವನ್ನು ಪತ್ತೆಹಚ್ಚಬಲ್ಲ ಅಲ್ಟ್ರಾಸೌಂಡ್ ಯಂತ್ರಗಳ ಮಾರಾಟ ಮತ್ತು ಬಳಕೆಗೆ ನೋಂದಣಿಯನ್ನು ಕಡ್ಡಾಯಗೊಳಿಸಿದೆ. ನರಗಳ ಪರೀಕ್ಷೆಗೆಂದು ಯಂತ್ರವನ್ನು ಇರಿಸಿಕೊಳ್ಳುವ ಕೇಂದ್ರಗಳಿಗೂ ಈ ನಿಯಮ ತಾಗುತ್ತದೆ.

ಮಿತಿಗಳು

ಧ್ವನಿತರಂಗಗಳು ಮೂಳೆಯನ್ನು ದಾಟಿ ಚಿತ್ರ ನೀಡಲಾರವು. ಆದುದರಿಂದ ಬೆನ್ನುಮೂಳೆಯ ಒಳಗಿನ ನರಬೇರುಗಳನ್ನು ಈ ವಿಧಾನದಿಂದ ಚೆನ್ನಾಗಿ ನೋಡಲಾಗದು, ಅದಕ್ಕೆ ಎಂ.ಆರ್.ಐ. ಬೇಕಾಗುತ್ತದೆ. ಆಳದಲ್ಲಿರುವ ನರಗಳ, ಸ್ಥೂಲಕಾಯದವರ ನರಗಳ ಚಿತ್ರ ಮಸುಕಾಗಿರುತ್ತದೆ. ನರವು ಚಲಿಸುವಾಗ ಪ್ರೋಬ್‌ನ ತೆಳುವಾದ ನೋಟದ ಪಟ್ಟಿಯಿಂದ ಹೊರಗೆ ಸರಿದರೆ ಜಾರುವಿಕೆಯ ಲೆಕ್ಕ ತಪ್ಪುತ್ತದೆ. ಇಲಾಸ್ಟೋಗ್ರಫಿಯಲ್ಲಿ ಪ್ರೋಬ್‌ನ ದಿಕ್ಕು, ಒತ್ತಡ ಹಾಗೂ ಯಂತ್ರದ ತಯಾರಿಕೆಗೆ ಅನುಗುಣವಾಗಿ ಅಂಕಿಗಳು ಬದಲಾಗುತ್ತವೆ. ಒಂದು ಯಂತ್ರದ ಅಂಕಿಯನ್ನು ಇನ್ನೊಂದರದಕ್ಕೆ ನೇರವಾಗಿ ಹೋಲಿಸಲಾಗದು. ಪರೀಕ್ಷಕರ ಅನುಭವವೂ ಫಲಿತಾಂಶದ ಮೇಲೆ ಪ್ರಭಾವ ಬೀರುತ್ತದೆ.

ನೋವಿಗೂ ನರದ ಚಲನೆಗೂ ಇರುವ ಸಂಬಂಧ ಸರಳವಲ್ಲ. ನಿರ್ದಿಷ್ಟ ಕಾರಣ ಕಾಣದ ತೋಳುನೋವಿನ ರೋಗಿಗಳಲ್ಲಿ ಮಣಿಕಟ್ಟು ಬಾಗಿಸಿದಾಗ ಮೀಡಿಯನ್ ನರದ ಅಡ್ಡಚಲನೆ ಕಡಿಮೆಯಿರುವುದನ್ನು ಗ್ರೀನಿಂಗ್ ಮತ್ತು ಸಂಗಡಿಗರು 1999ರಲ್ಲಿ ಎಂ.ಆರ್.ಐ. ಮೂಲಕ ಕಂಡಿದ್ದರು. ಆದರೆ ಅಂಥ ರೋಗಿಗಳಲ್ಲಿ ಉದ್ದುದ್ದ ಜಾರುವಿಕೆಯನ್ನು ಅಲ್ಟ್ರಾಸೌಂಡಿನಿಂದ ಅಳೆದ 2008ರ ಅಧ್ಯಯನವು ಅವರಿಗೂ ಆರೋಗ್ಯವಂತರಿಗೂ ವ್ಯತ್ಯಾಸ ಕಾಣಲಿಲ್ಲ. ಎಳೆತದ ಭಂಗಿಯಲ್ಲಿ ನೋವಾಯಿತೆಂದ ಮಾತ್ರಕ್ಕೆ ನರವು ಎಲ್ಲೋ ಅಂಟಿಕೊಂಡಿದೆ ಎಂದು ಹೇಳಲಾಗದು. ಸರಿಯಾಗಿ ಜಾರುತ್ತಿರುವ ನರವೂ ಉರಿಯೂತದಿಂದ ಅತಿಸೂಕ್ಷ್ಮವಾಗಿದ್ದರೆ ಅಲ್ಪ ಎಳೆತಕ್ಕೇ ನೋಯಬಹುದು. ಹೀಗಾಗಿ ಅಲ್ಟ್ರಾಸೌಂಡ್ ಚಿತ್ರವನ್ನು ರೋಗಿಯ ಹೇಳಿಕೆ, ದೈಹಿಕ ಪರೀಕ್ಷೆ ಹಾಗೂ ನರವಾಹಕ ಪರೀಕ್ಷೆಗಳ ಜೊತೆಯಲ್ಲಿಟ್ಟು ಅರ್ಥೈಸಲಾಗುತ್ತದೆ.

ಇವನ್ನೂ ನೋಡಿ

ಅಲ್ಟ್ರಾಸೌಂಡ್
ನರವ್ಯೂಹ
ಕಾರ್ಪಲ್ ಟನಲ್ ಸಿಂಡ್ರೋಮ್
ಸಯಾಟಿಕಾ
ಕುಷ್ಠರೋಗ
ಫಿಸಿಯೋಥೆರಪಿ